ಮದ್ದಿನ ಚೀಟಿಯೂ ನ್ಯಾಯಸ್ಥಾನವೂ

ವೈದ್ಯನು ತಪ್ಪಿದರೆ ಅದಕ್ಕೆ ದಂಡವಿರಬೇಕೆಂಬ ಭಾವನೆ ನಮ್ಮ ದೇಶದಲ್ಲಿ ಇಂದು ನಿನ್ನೆಯದಲ್ಲ. ಮನುಸ್ಮೃತಿಯ ಒಂಬತ್ತನೆಯ ಅಧ್ಯಾಯವು ಮಿಥ್ಯಾಚಿಕಿತ್ಸೆ ಮಾಡಿದವನಿಗೆ ದಂಡವನ್ನು ವಿಧಿಸುತ್ತದೆ; ರೋಗಿಯು ಪಶುವಾಗಿದ್ದರೆ ಮೊದಲನೆಯ ದರ್ಜೆಯ ದಂಡ, ಮನುಷ್ಯನಾಗಿದ್ದರೆ ಮಧ್ಯಮ ದಂಡ. ಯಾಜ್ಞವಲ್ಕ್ಯಸ್ಮೃತಿಯು ಇನ್ನೊಂದು ಮೆಟ್ಟಿಲನ್ನು ಸೇರಿಸಿ, ರೋಗಿಯು ರಾಜಪುರುಷನಾಗಿದ್ದರೆ ಉತ್ತಮ ದಂಡವೆನ್ನುತ್ತದೆ. ಅಧಿಕಾರಿಗಳ ಪ್ರಾಣಕ್ಕೆ ಆಗಲೂ ಬೆಲೆ ಹೆಚ್ಚಾಗಿದ್ದಂತೆ ತೋರುತ್ತದೆ. ಅದು ಹಾಗಿರಲಿ. ಈ ದಂಡದ ಹಣವು ಸೇರುತ್ತಿದ್ದುದು ಅರಸನ ಬೊಕ್ಕಸವನ್ನೇ ಹೊರತು ತಪ್ಪುಮದ್ದನ್ನು ಕುಡಿದು ಕೈಕಾಲು ಕಳೆದುಕೊಂಡವನ ಮನೆಯನ್ನಲ್ಲ. ನೊಂದವನ ನಷ್ಟವನ್ನು ತುಂಬಿಕೊಡಬೇಕೆಂಬುದು ಬೇರೆಯ ವಿಚಾರ. ನಾವು ಈಗ ನಿವೇದಿಸಬೇಕೆಂದಿರುವುದು ಆ ವಿಚಾರವನ್ನೇ.

ಮದ್ದಿನಿಂದ ಕೆಡುಕಾದಾಗ ನಮ್ಮ ಜನರು ಸಾಮಾನ್ಯವಾಗಿ ಮೊದಲು ಓಡುವುದು ಪೊಲೀಸು ಠಾಣೆಗೆ. ದುಃಖದಲ್ಲಿರುವವರನ್ನು ಇದಕ್ಕಾಗಿ ದೂರಲಾಗದು. ಆದರೆ ಆ ಬಾಗಿಲು ಶಿಕ್ಷೆಯ ಬಾಗಿಲು. ಅದು ಇಕ್ಕಟ್ಟಾಗಿಯೂ ಇದೆ. ವೈದ್ಯನನ್ನು ಅಪರಾಧಿಯೆಂದು ಹಿಡಿಯಬೇಕಾದರೆ ಅವನ ಅಲಕ್ಷ್ಯವು ಸಾಮಾನ್ಯವಾದುದಾಗಿರದೆ ಘೋರವಾದುದಾಗಿರಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೦೫ರಲ್ಲಿ ಜೇಕಬ್ ಮ್ಯಾಥ್ಯೂ ಮೊಕದ್ದಮೆಯಲ್ಲಿ ನಿರ್ಣಯಿಸಿತು. ಇನ್ನು ರಾಜ್ಯದ ವೈದ್ಯಕೀಯ ಪರಿಷತ್ತಿಗೆ ದೂರು ಕೊಟ್ಟರೆ ಅದು ವೈದ್ಯನಿಗೆ ಎಚ್ಚರಿಕೆ ಕೊಡಬಹುದು, ಅವನ ಹೆಸರನ್ನು ಪಟ್ಟಿಯಿಂದ ತೆಗೆಯಬಹುದು. ರೋಗಿಗೆ ಒಂದು ಕಾಸನ್ನೂ ಕೊಡಿಸಲಾರದು. ಪರಿಹಾರವನ್ನು ಬಯಸುವವರಿಗೆ ಇರುವ ದಾರಿಗಳು ಸಿವಿಲ್ ನ್ಯಾಯಾಲಯ ಮತ್ತು ಗ್ರಾಹಕರ ಆಯೋಗ. ಅಲ್ಲಿ ಕೇಳುವ ಪ್ರಶ್ನೆಗಳೇ ಬೇರೆ.

ಆ ಪ್ರಶ್ನೆಗಳು ಯಾವುವೆಂಬುದನ್ನು ಒಂದು ಔಷಧದ ಮೂಲಕ ನೋಡೋಣ. ಕೀಲುವಾತಕ್ಕೆ ಇಂದು ಬಹಳವಾಗಿ ಕೊಡುವ ಮೆಥೊಟ್ರೆಕ್ಸೇಟ್ ಎಂಬ ಗುಳಿಗೆಯೊಂದಿದೆ. ಇದನ್ನು ವಾರಕ್ಕೆ ಒಂದೇ ದಿನ ನುಂಗಬೇಕು. ಅದನ್ನೇ ದಿನವೂ ನುಂಗಿದರೆ ಬಾಯಿ ಹುಣ್ಣಾಗುತ್ತದೆ, ಎಲುಬಿನ ಮಜ್ಜೆ ಕುಗ್ಗಿ ರಕ್ತಕಣಗಳು ಇಳಿದುಹೋಗುತ್ತವೆ. ಕೆಲವರು ಸಾಯುವುದೂ ಉಂಟು. ಈ ಪ್ರಮಾದವು ಒಂದು ದೇಶದ್ದಲ್ಲ, ಅನೇಕ ದೇಶಗಳಲ್ಲಿ ಆಗಿದೆ, ಆಗುತ್ತಲೂ ಇದೆ. ಈಗ ಇಂಥ ರೋಗಿಯೊಬ್ಬರು ಗುಳಿಗೆಯನ್ನು ದಿನವೂ ನುಂಗಿ ಆಸ್ಪತ್ರೆ ಸೇರಿದರೆಂದು ಇಟ್ಟುಕೊಳ್ಳೋಣ. ತಪ್ಪು ಯಾರದು? ವೈದ್ಯರು ಚೀಟಿಯಲ್ಲಿ ‘ದಿನಕ್ಕೊಂದು’ ಎಂದು ಬರೆದಿದ್ದರೆ ತಪ್ಪು ಅವರದು. ಅವರು ‘ವಾರಕ್ಕೊಂದು’ ಎಂದು ಬರೆದು, ಅಂಗಡಿಯವನು ಪೊಟ್ಟಣದ ಮೇಲೆ ‘ದಿನಕ್ಕೊಂದು’ ಎಂದು ಗೀಚಿದ್ದರೆ ಹೊಣೆ ಅಂಗಡಿಯವನದು. ಇಬ್ಬರೂ ಸರಿಯಾಗಿ ಬರೆದಿದ್ದು, ಬೇಗ ಗುಣವಾಗಲೆಂದು ರೋಗಿಯೇ ಹೆಚ್ಚು ನುಂಗಿದ್ದರೆ ಯಾರನ್ನೂ ಕೇಳುವಂತಿಲ್ಲ. ಗುಳಿಗೆ ಒಂದೇ, ರೋಗಿಯ ನೋವೂ ಒಂದೇ. ವ್ಯಾಜ್ಯ ಮಾತ್ರ ಮೂರು ಬಗೆಯದಾಯಿತು. ಇವುಗಳಲ್ಲಿ ಯಾವುದು ನಿಜವೆಂಬುದನ್ನು ಹೇಳಬಲ್ಲ ಸಾಕ್ಷಿ ಆ ಅಂಗೈಯಗಲದ ಚೀಟಿ. ಅದನ್ನು ನಾವು ಕಿರಾಣಿ ಅಂಗಡಿಯ ಲೆಕ್ಕಕ್ಕಿಂತ ಕಡೆಯಾಗಿ ಕಾಣುತ್ತೇವೆ. ಮದ್ದು ಮುಗಿಯಿತೆಂದರೆ ಚೀಟಿಯೂ ಮಾಯವಾಗುತ್ತದೆ.

ಮದ್ದಿನಿಂದ ಕೆಡುಕಾಯಿತೆಂಬುದಿಷ್ಟೇ ಸಾಲದು, ಇದನ್ನು ಒತ್ತಿ ಹೇಳಬೇಕಾಗಿದೆ. ವೈದ್ಯನಿಗೆ ರೋಗಿಯ ವಿಷಯದಲ್ಲಿ ಎಚ್ಚರವಹಿಸುವ ಕರ್ತವ್ಯವಿತ್ತು; ಆ ಎಚ್ಚರವನ್ನು ಅವನು ತಪ್ಪಿದನು; ತಪ್ಪಿದ್ದರಿಂದಲೇ ಈ ಹಾನಿಯಾಯಿತು. ಈ ಮೂರು ಕೊಂಡಿಗಳೂ ಸೇರಿದರೆ ಸರಪಳಿ. ಸಲ್ಫಾ ವರ್ಗದ ಔಷಧವೊಂದನ್ನು ಕೊಟ್ಟಾಗ ರೋಗಿಯ ಮೈಯೆಲ್ಲ ಬೊಬ್ಬೆಯೆದ್ದಿತೆನ್ನೋಣ. ಮೊದಲು ಎಂದೂ ಹಾಗಾಗಿರಲಿಲ್ಲ, ವೈದ್ಯರು ಕೇಳಬೇಕಾದುದನ್ನು ಕೇಳಿಯೇ ಕೊಟ್ಟರು ಎಂದಾದರೆ ಅದು ದುರದೃಷ್ಟ, ಪರಿಹಾರ ಸಿಕ್ಕದು. ‘ಹಿಂದೆ ಈ ಮದ್ದು ನನಗೆ ಒಗ್ಗಲಿಲ್ಲ’ ಎಂದು ರೋಗಿ ಹೇಳಿದ್ದರೂ, ಅಥವಾ ಆ ಸಂಗತಿ ಹಳೆಯ ಕಾಗದದಲ್ಲಿ ಬರೆದಿದ್ದರೂ ಮತ್ತೆ ಅದನ್ನೇ ಬರೆದುಕೊಟ್ಟರೆ ಅದು ಅಲಕ್ಷ್ಯ. ಎಚ್ಚರದ ಅಳತೆಗೋಲಾದರೂ ಯಾವುದು? ೧೯೫೭ರಲ್ಲಿ ಇಂಗ್ಲೆಂಡಿನ ಬೋಲಮ್ ಮೊಕದ್ದಮೆಯಲ್ಲಿ ಹುಟ್ಟಿ ನಮ್ಮಲ್ಲಿಯೂ ನೆಲೆಗೊಂಡ ಸೂತ್ರವಿದು: ಆ ವೃತ್ತಿಯ ಸಾಮಾನ್ಯ ನಿಪುಣನೊಬ್ಬನಿಂದ ನಿರೀಕ್ಷಿಸಬಹುದಾದಷ್ಟು ಎಚ್ಚರ. ಧನ್ವಂತರಿಯೇ ಆಗಿರಬೇಕೆಂದು ಕಾನೂನು ಕೇಳುವುದಿಲ್ಲ. ಇಬ್ಬರು ಒಳ್ಳೆಯ ವೈದ್ಯರು ಎರಡು ಬೇರೆ ಮದ್ದುಗಳನ್ನು ಮೆಚ್ಚಿದರೆ ಅದರಲ್ಲಿ ಒಬ್ಬರು ತಪ್ಪಿತಸ್ಥರಾಗುವುದೂ ಇಲ್ಲ. ವೈದ್ಯರ ಪರವಾಗಿರುವ ಈ ರಕ್ಷಣೆ ನ್ಯಾಯವಾದುದೆಂದೇ ನಮ್ಮ ಅಭಿಪ್ರಾಯ. ಇದಿಲ್ಲದಿದ್ದರೆ ಕಷ್ಟದ ರೋಗವನ್ನು ಮುಟ್ಟುವವರೇ ಇರಲಾರರು.

ಹೆಸರಿನ ಹೋಲಿಕೆಯೊಂದು ಎಷ್ಟು ದೂರ ಒಯ್ಯಬಲ್ಲುದೆಂಬುದಕ್ಕೆ ದೆಹಲಿಯ ಒಂದು ಸಂಗತಿ ಸಾಕು. ೧೯೯೩ರ ಡಿಸೆಂಬರಿನಲ್ಲಿ ವಿಷಮಶೀತಜ್ವರದಿಂದ ಒಂದು ಮಗುವನ್ನು ಖಾಸಗಿ ಆಸ್ಪತ್ರೆಗೆ ಸೇರಿಸಿದ್ದರು. ವೈದ್ಯರು ಸೂಚಿಸಿದ್ದುದು ಕ್ಲೊರಾಂಫೆನಿಕಾಲ್. ದಾದಿಯು ಅದನ್ನು ಕ್ಲೋರೋಕ್ವಿನ್ ಎಂದು ಓದಿಕೊಂಡು, ತಂದೆಯ ಕೈಯಲ್ಲೇ ಆ ಮಲೇರಿಯಾ ಮದ್ದನ್ನು ತರಿಸಿ, ನೇರವಾಗಿ ರಕ್ತನಾಳಕ್ಕೆ ಚುಚ್ಚಿದಳು. ಮಗು ಅಲ್ಲಿಯೇ ಕುಸಿಯಿತು. ಬದುಕಿತು, ಆದರೆ ಮೆದುಳು ಸರಿಪಡಿಸಲಾಗದಷ್ಟು ಕೆಟ್ಟಿತು. ರಾಷ್ಟ್ರೀಯ ಆಯೋಗವು ಮಗುವಿಗೆ ೧೨.೫ ಲಕ್ಷ ರೂಪಾಯಿಗಳನ್ನೂ ತಂದೆತಾಯಿಗಳ ಮನೋವೇದನೆಗೆ ೫ ಲಕ್ಷವನ್ನೂ ಕೊಡಿಸಿತು. ಹಣ ತೆತ್ತ ತಂದೆತಾಯಿಗಳೂ ಗ್ರಾಹಕರೇ, ಚಿಕಿತ್ಸೆ ಪಡೆದ ಮಗುವೂ ಗ್ರಾಹಕನೇ ಎಂದು ೧೯೯೮ರಲ್ಲಿ ಸರ್ವೋಚ್ಚ ನ್ಯಾಯಾಲಯವು ಇದನ್ನು ಎತ್ತಿಹಿಡಿಯಿತು. ದಾದಿಯ ತಪ್ಪಿಗೆ ಆಸ್ಪತ್ರೆ ಹೊಣೆಯೆಂಬುದೂ ಇದರಿಂದ ಸ್ಪಷ್ಟವಾಯಿತು.

ಒಂದು ಪದ್ಧತಿಯನ್ನು ಕಲಿತು ಇನ್ನೊಂದರ ಮದ್ದನ್ನು ಬರೆಯುವವರ ಮಾತೇ ಬೇರೆ. ೧೯೯೨ರಲ್ಲಿ ಮುಂಬಯಿಯ ಹೋಮಿಯೋಪಥಿ ವೈದ್ಯರೊಬ್ಬರು ಜ್ವರಪೀಡಿತರಿಗೆ ಅಲೋಪಥಿ ಔಷಧಗಳನ್ನು ಕೊಟ್ಟರು, ರೋಗಿ ತೀರಿಕೊಂಡರು. ತಾನು ಕಲಿಯದ ಪದ್ಧತಿಯಲ್ಲಿ ಕೈಹಾಕಿದುದೇ ಅಲಕ್ಷ್ಯವೆಂದು ೧೯೯೬ರಲ್ಲಿ ಸರ್ವೋಚ್ಚ ನ್ಯಾಯಾಲಯವು ಹೇಳಿ, ಪತ್ನಿಗೆ ೩ ಲಕ್ಷ ರೂಪಾಯಿಗಳನ್ನು ಕೊಡಿಸಿತು.

ಎಲ್ಲಕ್ಕಿಂತ ದೀರ್ಘವಾಗಿ ಹೋರಾಡಿದ ಮೊಕದ್ದಮೆ ಕಲ್ಕತ್ತೆಯದು. ಅಮೆರಿಕದಲ್ಲಿ ನೆಲೆಸಿದ್ದ ಮಹಿಳೆಯೊಬ್ಬರು ೧೯೯೮ರಲ್ಲಿ ಊರಿಗೆ ಬಂದಿದ್ದಾಗ ಮೈಮೇಲೆ ದದ್ದುಗಳೆದ್ದವು. ಹೆಸರಾಂತ ವೈದ್ಯರೊಬ್ಬರು ಡೆಪೋಮೆಡ್ರಾಲ್ ಎಂಬ ಸ್ಟೀರಾಯ್ಡ್ ಚುಚ್ಚುಮದ್ದನ್ನು ೮೦ ಮಿಲಿಗ್ರಾಂ ಪ್ರಮಾಣದಲ್ಲಿ ದಿನಕ್ಕೆರಡು ಬಾರಿ ಕೊಡುವಂತೆ ಬರೆದರು. ಇದು ಮೈಯಲ್ಲಿ ನಿಧಾನವಾಗಿ ಇಳಿದು ಬಹುದಿನ ಕೆಲಸಮಾಡುವ ಮದ್ದು. ತಯಾರಕರ ಸೂಚನೆಯಂತೆ ಒಂದೆರಡು ವಾರಗಳ ಅಂತರದಲ್ಲಿ ಕೊಡತಕ್ಕುದು. ಚರ್ಮ ಸುಲಿದುಬರುವ ಭಯಂಕರ ವ್ಯಾಧಿಯಿಂದ ಆಕೆ ಅದೇ ಮೇ ೨೮ರಂದು ಮುಂಬಯಿಯಲ್ಲಿ ತೀರಿಕೊಂಡರು. ಸ್ವತಃ ವೈದ್ಯರಾಗಿದ್ದ ಪತಿಯು ನ್ಯಾಯಸ್ಥಾನದ ಮೆಟ್ಟಿಲನ್ನೇರಿದರು. ರಾಷ್ಟ್ರೀಯ ಆಯೋಗವು ೨೦೦೬ರಲ್ಲಿ ಫಿರ್ಯಾದನ್ನು ತಳ್ಳಿಹಾಕಿತು. ೨೦೦೯ರಲ್ಲಿ ಸರ್ವೋಚ್ಚ ನ್ಯಾಯಾಲಯವು ಒಂದೇ ತೀರ್ಪಿನಲ್ಲಿ ಎರಡು ಮಾತುಗಳನ್ನಾಡಿತು: ವೈದ್ಯರನ್ನು ಅಪರಾಧಿಗಳೆಂದು ಶಿಕ್ಷಿಸುವಂತಿಲ್ಲ, ಆದರೆ ಅಲಕ್ಷ್ಯವು ನಿಜ, ಪರಿಹಾರ ಕೊಡಲೇಬೇಕು. ಶಿಕ್ಷೆಯ ಬಾಗಿಲೂ ಪರಿಹಾರದ ಬಾಗಿಲೂ ಬೇರೆಬೇರೆಯೆಂದು ನಾವು ಮೊದಲು ಹೇಳಿದ ಮಾತಿಗೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನವಿಲ್ಲ. ಮೊತ್ತವು ಕೊನೆಗೆ ಗೊತ್ತಾದುದು ೨೦೧೩ರ ಅಕ್ಟೋಬರಿನಲ್ಲಿ; ಸುಮಾರು ೬ ಕೋಟಿ ರೂಪಾಯಿ, ಅದರ ಮೇಲೆ ವರ್ಷಕ್ಕೆ ನೂರಕ್ಕೆ ೬ರಂತೆ ಬಡ್ಡಿ. ಅದರಲ್ಲಿ ಬಹುಭಾಗ ಮೃತರು ಬದುಕಿದ್ದರೆ ಗಳಿಸಬಹುದಾಗಿದ್ದ ಆದಾಯ; ನೋವು ಸಂಕಟಗಳ ಲೆಕ್ಕಕ್ಕೆ ಬಂದದ್ದು ೧೦ ಲಕ್ಷ. ಹದಿನೈದು ವರ್ಷ, ಮತ್ತು ವೈದ್ಯಶಾಸ್ತ್ರ ಬಲ್ಲ ಫಿರ್ಯಾದಿ! ಈ ದೊಡ್ಡ ಅಂಕಿಯನ್ನು ಕೇಳಿ ತಮಗೂ ಕೋಟಿ ದೊರೆಯುವುದೆಂದು ಯಾರೂ ಭಾವಿಸಕೂಡದು. ಹೈದರಾಬಾದಿನಲ್ಲಿ ಮಲೇರಿಯಾ ಇಲಾಖೆಯ ಅಧಿಕಾರಿಯೊಬ್ಬರ ಪತ್ನಿಗೆ ಮಲೇರಿಯಾ ಇರಲಾಗಿ ವಿಷಮಶೀತಜ್ವರದ ಮದ್ದನ್ನು ಕೊಟ್ಟು ಆಕೆ ಮೃತರಾದ ಮೊಕದ್ದಮೆಯಲ್ಲಿ ೨೦೧೦ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮರಳಿ ನಿಲ್ಲಿಸಿದ ಪರಿಹಾರ ೨ ಲಕ್ಷ ಮಾತ್ರ. ಆದರೆ ಆ ತೀರ್ಪು ಬಡವರಿಗೆ ದೊಡ್ಡ ಉಪಕಾರವನ್ನು ಮಾಡಿದೆ. ತಪ್ಪು ಕಣ್ಣಿಗೆ ಕಾಣುವಂತಿದ್ದಾಗ ಎಲ್ಲ ಮೊಕದ್ದಮೆಗಳಲ್ಲಿಯೂ ತಜ್ಞನ ಸಾಕ್ಷ್ಯವನ್ನು ಕಡ್ಡಾಯಮಾಡಲಾಗದೆಂದು ಅದು ಹೇಳಿತು. ಒಬ್ಬ ವೈದ್ಯನ ಮೇಲೆ ಸಾಕ್ಷಿ ನುಡಿಯಲು ಇನ್ನೊಬ್ಬ ವೈದ್ಯನು ಬರುವುದು ಎಷ್ಟು ವಿರಳವೆಂಬುದನ್ನು ಬಲ್ಲವರು ಇದರ ಬೆಲೆಯನ್ನು ಬಲ್ಲರು.

ಗ್ರಾಹಕ ಸಂರಕ್ಷಣಾ ಶಾಸನವು ೧೯೮೬ರಲ್ಲಿ ಬಂದಾಗ ವೈದ್ಯರು ಅದರೊಳಗೆ ಬರುವರೋ ಇಲ್ಲವೋ ಎಂಬ ಚರ್ಚೆಯೆದ್ದಿತು. ೧೯೯೫ರ ವಿ. ಪಿ. ಶಾಂತಾ ಮೊಕದ್ದಮೆಯಲ್ಲಿ ಬರುವರೆಂದು ತೀರ್ಮಾನವಾಯಿತು. ಎಲ್ಲರಿಗೂ ಉಚಿತವಾಗಿಯೇ ಚಿಕಿತ್ಸೆ ಕೊಡುವ ಆಸ್ಪತ್ರೆಗಳು ಮಾತ್ರ ಹೊರಗುಳಿದವು. ಕೆಲವರಿಂದ ಹಣ ಪಡೆದು ಕೆಲವರಿಗೆ ಉಚಿತವಾಗಿ ಕೊಡುವ ಕಡೆಗಳಲ್ಲಿ ಉಚಿತ ರೋಗಿಗೂ ಹಕ್ಕುಂಟು. ಪೂರ್ಣ ಉಚಿತದ ಸರಕಾರೀ ಆಸ್ಪತ್ರೆಯಲ್ಲಿ ನೊಂದವರು ಸಿವಿಲ್ ನ್ಯಾಯಾಲಯಕ್ಕೇ ಹೋಗಬೇಕು. ದುಡ್ಡಿಲ್ಲದವನಿಗೆ ದುಡ್ಡು ಬೇಡುವ ದಾರಿಯನ್ನೇ ಬಿಟ್ಟಿರುವುದು ವಿಚಿತ್ರವೆಂದು ನಮಗೆ ತೋರುತ್ತದೆ.

ಹಳೆಯ ಶಾಸನದ ಸ್ಥಾನಕ್ಕೆ ೨೦೧೯ರ ಶಾಸನವು ಬಂದು ೨೦೨೦ರ ಜುಲೈಯಿಂದ ಜಾರಿಯಲ್ಲಿದೆ. ಇದರಂತೆ ಫಿರ್ಯಾದಿಯು ತಾನು ವಾಸಿಸುವ ಜಿಲ್ಲೆಯಲ್ಲಿಯೇ ದೂರನ್ನು ಸಲ್ಲಿಸಬಹುದು. ಮುಂಬಯಿಯಲ್ಲಿ ಚಿಕಿತ್ಸೆ ಪಡೆದು ಬಂದ ಮೈಸೂರಿನವರು ಮೈಸೂರಿನ ಜಿಲ್ಲಾ ಆಯೋಗಕ್ಕೆ ಹೋಗಬಹುದು. ಯಾವ ಆಯೋಗವೆಂಬುದು ಕೇಳುವ ಪರಿಹಾರದ ಮೇಲೆ ನಿಂತಿಲ್ಲ, ಚಿಕಿತ್ಸೆಗೆ ತೆತ್ತ ಹಣದ ಮೇಲೆ ನಿಂತಿದೆ. ತೆತ್ತದ್ದು ೫೦ ಲಕ್ಷದವರೆಗಾದರೆ ಜಿಲ್ಲಾ ಆಯೋಗವೇ ಸಾಕು. ೫ ಲಕ್ಷದವರೆಗೆ ಶುಲ್ಕವೂ ಇಲ್ಲ. ವಕೀಲರಿಲ್ಲದೆ ತಾನೇ ವಾದಿಸಬಹುದು. ಕಾಲಾವಧಿ ಮಾತ್ರ ಎರಡೇ ವರ್ಷ. ತಕ್ಕ ಕಾರಣವನ್ನು ತೋರಿಸಿದರೆ ವಿಳಂಬವನ್ನು ಮನ್ನಿಸಬಹುದಾದರೂ ಅದನ್ನು ನಂಬಿ ಕುಳಿತುಕೊಳ್ಳತಕ್ಕುದಲ್ಲ. ಶೋಕ ತಣಿಯಲಿ, ಆಮೇಲೆ ನೋಡೋಣವೆನ್ನುವಷ್ಟರಲ್ಲಿ ಒಂದು ವರ್ಷ ಕಳೆದಿರುತ್ತದೆ.

ಆದಕಾರಣ ಮೊದಲ ಕೆಲಸ ಕಾಗದಗಳದು. ವೈದ್ಯರ ನಡವಳಿಕೆಯ ಬಗೆಗಿನ ೨೦೦೨ರ ನಿಯಮಗಳಂತೆ, ಒಳರೋಗಿಯ ದಾಖಲೆಗಳನ್ನು ಚಿಕಿತ್ಸೆ ಆರಂಭವಾದಂದಿನಿಂದ ಮೂರು ವರ್ಷ ಇಟ್ಟಿರಬೇಕು. ರೋಗಿಯಾಗಲಿ ಅವನು ಅಧಿಕಾರಕೊಟ್ಟವರಾಗಲಿ ಕೇಳಿದರೆ ೭೨ ಗಂಟೆಗಳೊಳಗಾಗಿ ಒದಗಿಸಬೇಕು. ಬಾಯಿಮಾತಿನಿಂದ ಕೇಳದೆ ಬರೆದುಕೊಟ್ಟು ಸ್ವೀಕೃತಿಯನ್ನು ಪಡೆಯುವುದು ಲೇಸು. ಔಷಧದ ಮೂಲ ಹೆಸರನ್ನು ಓದಲು ಬರುವಂತೆ, ಸಾಧ್ಯವಾದಮಟ್ಟಿಗೆ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದು ೨೦೧೬ರ ತಿದ್ದುಪಡಿ ಹೇಳುತ್ತದೆ. ನಮ್ಮ ಕೈಗೆ ಬರುವ ಚೀಟಿಗಳನ್ನು ನೋಡಿದರೆ ಆ ತಿದ್ದುಪಡಿಯ ಸುದ್ದಿ ಎಲ್ಲರಿಗೂ ಮುಟ್ಟಿದಂತಿಲ್ಲ. ಅಂಗಡಿಯ ರಸೀತಿಯನ್ನೂ ಉಳಿದ ಗುಳಿಗೆಗಳನ್ನೂ ಅವುಗಳ ಪಟ್ಟಿಯನ್ನೂ ಎಸೆಯಬಾರದು. ಚೀಟಿಯಿಲ್ಲದೆ ಮಾರಬಾರದ ವರ್ಗದ ಔಷಧದ ಬದಲು ಬೇರೊಂದನ್ನು ಕೊಡಕೂಡದೆಂದು ೧೯೪೫ರ ಔಷಧ ನಿಯಮಗಳೇ ಅಂಗಡಿಯವನನ್ನು ನಿರ್ಬಂಧಿಸುತ್ತವೆ; ಬರೆದದ್ದೊಂದು ಕೊಟ್ಟದ್ದೊಂದು ಎಂಬುದು ರಸೀತಿಯಿಂದಲೇ ಹೊರಬೀಳುತ್ತದೆ. ಹಾನಿಯಾದ ಮೇಲೆ ಬೇರೊಬ್ಬ ವೈದ್ಯರಲ್ಲಿಗೆ ಹೋದಾಗ ಅವರು ಕಂಡದ್ದನ್ನೂ, ಅದು ಯಾವ ಮದ್ದಿನಿಂದ ಆಗಿರಬಹುದೆಂಬುದನ್ನೂ ಬರೆದುಕೊಡುವಂತೆ ಪ್ರಾರ್ಥಿಸಬೇಕು. ಮೂರನೆಯ ಕೊಂಡಿಯೆಂದೆವಷ್ಟೆ, ಬಹುಮಟ್ಟಿನ ಫಿರ್ಯಾದುಗಳು ಸಡಿಲವಾಗುವುದು ಅಲ್ಲಿಯೇ.

ರಾಜಿಯ ಮಾತೂ ನಡುವೆ ಬರುವುದುಂಟು. ಹೊಸ ಶಾಸನದಲ್ಲಿ ಸಂಧಾನಕ್ಕೆ ಅವಕಾಶವಿದೆ. ಆದರೆ ವೈದ್ಯಕೀಯ ಅಲಕ್ಷ್ಯದಿಂದ ಮರಣವೋ ತೀವ್ರವಾದ ಗಾಯವೋ ಆಗಿದ್ದರೆ ಆಯೋಗವು ಅದನ್ನು ಸಂಧಾನಕ್ಕೆ ಕಳುಹಿಸುವಂತಿಲ್ಲ. ಆಸ್ಪತ್ರೆಯವರು ನೇರವಾಗಿ ಹಣಕೊಡಲು ಬಂದಾಗ ‘ಇನ್ನು ಯಾವ ಹಕ್ಕೂ ಇಲ್ಲ’ ಎಂಬ ಒಕ್ಕಣೆಗೆ ರುಜುಹಾಕುವ ಮುನ್ನ ತಿಳಿದವರೊಬ್ಬರಿಗೆ ತೋರಿಸಬೇಕು; ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಅರ್ಹರಾದವರಿಗೆ ಈ ಸಲಹೆ ಉಚಿತವಾಗಿ ದೊರೆಯುತ್ತದೆ. ಜಿಲ್ಲಾ ಆಯೋಗದ ತೀರ್ಪು ಒಪ್ಪಿಗೆಯಾಗದವರು ೪೫ ದಿನಗಳೊಳಗೆ ರಾಜ್ಯ ಆಯೋಗಕ್ಕೆ ಮೇಲ್ಮನವಿ ಸಲ್ಲಿಸಬಹುದು. ಹಣ ಕೊಡಬೇಕಾದವರು ಮೇಲ್ಮನವಿಗೆ ಹೋಗುವುದಾದರೆ ತೀರ್ಪಿನ ಮೊತ್ತದಲ್ಲಿ ಅರ್ಧವನ್ನು ಮೊದಲೇ ಠೇವಣಿಯಿಡತಕ್ಕುದು.