ಇಬ್ಬರು ಶಿಕ್ಷಕರು, ಐದು ತರಗತಿಗಳು: ಊರಿನ ಪುಟ್ಟ ಶಾಲೆ ಮಕ್ಕಳನ್ನು ಮುನ್ನಡೆಸುವ ಬಗೆ



ಶಾಲೆಗಳು ಪುನರಾರಂಭವಾಗುವ ದಿನಗಳು ಸಮೀಪಿಸಿದಂತೆ ಮಠಕ್ಕೆ ಆಗಮಿಸುವ ಭಕ್ತರು ನಮ್ಮ ಮುಂದೆ ಒಂದು ಪ್ರಶ್ನೆಯನ್ನು ಇಡುತ್ತಾರೆ: “ನಮ್ಮೂರ ಶಾಲೆಯಲ್ಲಿ ಇರುವವರು ಇಬ್ಬರೇ ಮಾಸ್ತರು, ತರಗತಿಗಳು ಐದು. ಅಲ್ಲಿ ಮಗು ಏನು ಕಲಿತೀತು? ಪಟ್ಟಣದ ಶಾಲೆಯ ವ್ಯಾನು ಹತ್ತಿಸುವುದೇ ಲೇಸಲ್ಲವೇ?” ಈ ಪ್ರಶ್ನೆಯಲ್ಲಿ ಹೆತ್ತವರ ಆತಂಕವಿದೆ. ಅದನ್ನು ಹಗುರವಾಗಿ ಕಾಣಲಾಗದು. ಆದರೆ ಶಾಲೆಯ ಒಳಗೆ ನಡೆಯುವುದೇನೆಂಬುದನ್ನು ಅರಿಯದೆ ತೀರ್ಮಾನಕ್ಕೆ ಬರುವುದೂ ಸಲ್ಲದು. ಆದುದರಿಂದ ಆ ಕ್ರಮವನ್ನು ಇಲ್ಲಿ ತುಸು ವಿವರವಾಗಿ ತಿಳಿಸಲು ಬಯಸುತ್ತೇವೆ.

ಮೊದಲಿಗೆ ಲೆಕ್ಕದ ಮಾತು. 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ ಪ್ರಕಾರ, ಒಂದರಿಂದ ಐದನೇ ತರಗತಿಯವರೆಗಿನ ಶಾಲೆಯಲ್ಲಿ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು ಇರಬೇಕು. ಇಪ್ಪತ್ತೈದು ಮೂವತ್ತು ಮಕ್ಕಳಿರುವ ಹಳ್ಳಿಯಲ್ಲಿ ಇಬ್ಬರೇ ಇರುವುದು ಈ ಕಾರಣದಿಂದ. ಒಬ್ಬರು ಏಕಕಾಲದಲ್ಲಿ ಎರಡು ಮೂರು ತರಗತಿಗಳನ್ನು ನೋಡಿಕೊಳ್ಳುವುದು ಅಲ್ಲಿ ಅನಿವಾರ್ಯ. ಹಿಂದೆ ಇದರ ಪರಿಣಾಮ ಏನಾಗುತ್ತಿತ್ತೆಂಬುದು ನಮ್ಮ ವಯಸ್ಸಿನವರಿಗೆ ಗೊತ್ತು. ಮಾಸ್ತರು ಮೂರನೆಯವರಿಗೆ ಪಾಠ ಹೇಳುವಾಗ ಒಂದನೆಯವರು ಸ್ಲೇಟಿನ ಮೇಲೆ ಅದೇ ಅಕ್ಷರವನ್ನು ಮತ್ತೆ ಮತ್ತೆ ತಿದ್ದುತ್ತ ಕೂರಬೇಕಿತ್ತು. ಮಗುವಿನ ಅರ್ಧ ದಿನ ಕಾಯುವುದರಲ್ಲಿಯೇ ಕಳೆಯುತ್ತಿತ್ತು.

ಈ ತೊಡಕಿಗೆ ಉತ್ತರವಾಗಿ ಹುಟ್ಟಿದ್ದು ‘ನಲಿ-ಕಲಿ’. ಆಂಧ್ರಪ್ರದೇಶದ ಮದನಪಲ್ಲಿಯ ಬಳಿಯ ರಿಷಿವ್ಯಾಲಿ ಸಂಸ್ಥೆಯು ಸುತ್ತಲಿನ ಹಳ್ಳಿಗಳ ಏಕೋಪಾಧ್ಯಾಯ ಶಾಲೆಗಳಿಗಾಗಿ ಕಾರ್ಡುಗಳ ಮೂಲಕ ಕಲಿಸುವ ವಿಧಾನವೊಂದನ್ನು ರೂಪಿಸಿತ್ತು. ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳ ಶಿಕ್ಷಕರು ಅದನ್ನು ಕಂಡು ಬಂದು, ಯುನಿಸೆಫ್ ನೆರವಿನೊಂದಿಗೆ ಕನ್ನಡದ ಮಕ್ಕಳಿಗೆ ಹೊಂದುವಂತೆ ತಾವೇ ಕಾರ್ಡು, ಹಾಡು, ಆಟಗಳನ್ನು ಸಿದ್ಧಪಡಿಸಿದರು. ಇದು ಆರಂಭವಾದದ್ದು 1995ರಲ್ಲಿ. 2009–10ರಿಂದ ಈ ವಿಧಾನವು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಿಸಿತು. ಹಳ್ಳಿಯ ಶಿಕ್ಷಕರೇ ತಮ್ಮ ಕಷ್ಟಕ್ಕೆ ತಾವೇ ಕಂಡುಕೊಂಡ ದಾರಿ ಇದೆಂಬುದನ್ನು ನಾವು ಮರೆಯಬಾರದು.

ನಲಿ-ಕಲಿ ಕೊಠಡಿಯಲ್ಲಿ ಒಂದು, ಎರಡು, ಮೂರನೇ ತರಗತಿಯ ಮಕ್ಕಳು ಒಟ್ಟಿಗೆ ಇರುತ್ತಾರೆ. ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದು, ಪ್ರತಿ ಮೆಟ್ಟಿಲಿಗೆ ಒಂದು ಕಾರ್ಡನ್ನು ಗೊತ್ತುಪಡಿಸಲಾಗಿರುತ್ತದೆ. ಈ ಮೆಟ್ಟಿಲುಗಳ ಸಾಲಿಗೆ ಕಲಿಕಾ ಏಣಿ ಎಂದು ಹೆಸರು. ಮಗು ತಾನು ಇರುವ ಮೆಟ್ಟಿಲನ್ನು ಏಣಿಯಲ್ಲಿ ಗುರುತಿಸಿ, ಆ ಚಿತ್ರದ ಕಾರ್ಡನ್ನು ತಾನೇ ತೆಗೆದುಕೊಂಡು ತನ್ನ ಗುಂಪಿಗೆ ಹೋಗಿ ಕುಳಿತುಕೊಳ್ಳುತ್ತದೆ. ಗುಂಪುಗಳು ಐದು. ಹೊಸ ವಿಷಯ ಕಲಿಯುವವರು ಶಿಕ್ಷಕರ ಬಳಿಯೇ ಕೂರುತ್ತಾರೆ. ಅಲ್ಪಸ್ವಲ್ಪ ನೆರವು ಬೇಕಾದವರು ಅವರ ಸಮೀಪದಲ್ಲಿ. ಮುಂದಿನ ಎರಡು ಗುಂಪುಗಳಲ್ಲಿ ಗೆಳೆಯರೇ ಗೆಳೆಯರಿಗೆ ಹೇಳಿಕೊಡುತ್ತಾರೆ. ಕೊನೆಯ ಗುಂಪಿನಲ್ಲಿ ಮಗು ಸ್ವತಂತ್ರವಾಗಿ ಅಭ್ಯಾಸ ಮಾಡುತ್ತದೆ. ಹೀಗೆ ಒಬ್ಬ ಶಿಕ್ಷಕರ ಸಮಯವು ಯಾವ ಮಗುವಿಗೆ ಹೆಚ್ಚು ಅವಶ್ಯವೋ ಆ ಮಗುವಿಗೆ ದೊರೆಯುತ್ತದೆ.

ಅಕ್ಷರ ಕಲಿಸುವ ಕ್ರಮವೂ ಬೇರೆ. ವರ್ಣಮಾಲೆಯ 49 ಅಕ್ಷರಗಳನ್ನು ಸಾಲಾಗಿ ಬಾಯಿಪಾಠ ಮಾಡಿ ಮುಗಿಯುವವರೆಗೆ ಇಲ್ಲಿ ಕಾಯುವುದಿಲ್ಲ. ಮೊದಲು ಕಲಿಸುವುದು ರ, ಗ, ಸ, ದ, ಅ ಎಂಬ ಐದನ್ನು ಮಾತ್ರ. ಈ ಐದರಿಂದಲೇ ‘ಸರ’, ‘ಅರಸ’, ‘ಅಗಸ’, ‘ಗರಗಸ’ ಎಂಬ ಪದಗಳು ಮೂಡುತ್ತವೆ. ಶಾಲೆಗೆ ಸೇರಿದ ಕೆಲವೇ ವಾರಗಳಲ್ಲಿ ಮಗು ಅರ್ಥವುಳ್ಳ ಪದವನ್ನು ತಾನೇ ಓದುತ್ತದೆ. “ನನಗೆ ಓದು ಬರುತ್ತದೆ” ಎಂಬ ನಂಬಿಕೆ ಅಂದು ಹುಟ್ಟಿದರೆ, ಮುಂದಿನ ಕಲಿಕೆಗೆ ಅದೇ ಬುನಾದಿ. ಅಪ್ಪ ಅವ್ವ ಇಬ್ಬರೂ ಓದು ಬರಹ ಅರಿಯದ ಮನೆಯ ಮಗುವಿಗೆ ಈ ನಂಬಿಕೆಯನ್ನು ನೀಡಬಲ್ಲ ಜಾಗ ಶಾಲೆಯೊಂದೇ.

ಇದರ ಇನ್ನೊಂದು ಗುಣವನ್ನು ನಾವು ಬಹಳ ದೊಡ್ಡದೆಂದು ಭಾವಿಸುತ್ತೇವೆ. ಸುಗ್ಗಿಯ ಕಾಲದಲ್ಲಿ, ಗುಳೆ ಹೋದಾಗ, ಮನೆಯಲ್ಲಿ ಕಾಯಿಲೆ ಬಂದಾಗ ಹಳ್ಳಿಯ ಮಕ್ಕಳು ಶಾಲೆ ತಪ್ಪಿಸುವುದುಂಟು. ಪಠ್ಯಪುಸ್ತಕದ ಪಾಠ ಇಂಥವರಿಗಾಗಿ ನಿಲ್ಲುವುದಿಲ್ಲ. ಹದಿನೈದು ದಿನ ಬಿಟ್ಟು ಬಂದ ಮಗುವಿಗೆ ಏನೂ ತಿಳಿಯದೆ, ನಾಚಿಕೆಯಿಂದ ಶಾಲೆಯನ್ನೇ ತೊರೆಯುವ ಸ್ಥಿತಿ ಬರುತ್ತದೆ. ಏಣಿಯ ಕ್ರಮದಲ್ಲಿ ಮಗು ತಾನು ಬಿಟ್ಟ ಮೆಟ್ಟಿಲಿನಿಂದಲೇ ಮತ್ತೆ ಆರಂಭಿಸುತ್ತದೆ. ಬಡವರ ಮಕ್ಕಳು ಶಾಲೆಯಲ್ಲಿ ಉಳಿಯಲು ಇದಕ್ಕಿಂತ ದೊಡ್ಡ ಸಹಾಯ ಬೇರೊಂದಿರಲಾರದು.

ಹಸಿದ ಹೊಟ್ಟೆಗೆ ಅಕ್ಷರ ರುಚಿಸದು. ನಮ್ಮ ರಾಜ್ಯದಲ್ಲಿ ಮಧ್ಯಾಹ್ನದ ಬಿಸಿಯೂಟವು 2002ರಲ್ಲಿ ಈಶಾನ್ಯ ಭಾಗದ ಏಳು ಜಿಲ್ಲೆಗಳಲ್ಲಿ ಮೊದಲಾಯಿತು. ಅದಕ್ಕೆ ‘ಅಕ್ಷರ ದಾಸೋಹ’ ಎಂದು ಹೆಸರಿಟ್ಟದ್ದು ಶರಣ ಪರಂಪರೆಗೆ ಸಂದ ಗೌರವವೆಂದು ನಾವು ತಿಳಿಯುತ್ತೇವೆ. ಒಂದರಿಂದ ಐದನೇ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 450 ಕ್ಯಾಲೊರಿ, 12 ಗ್ರಾಂ ಪ್ರೋಟೀನ್ ದೊರೆಯಬೇಕೆಂಬುದು ನಿಯಮ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲೂ ಸೇರಿತು. ದಾಸೋಹದಲ್ಲಿ ಒಂದೇ ಪಂಕ್ತಿಯಲ್ಲಿ ಕೂರುವುದರ ಅರ್ಥ ನಮಗೆಲ್ಲ ಗೊತ್ತಿದೆ. ಕೇರಿ ಕೇರಿಗಳ ಮಕ್ಕಳು ಒಂದೇ ಸಾಲಿನಲ್ಲಿ ಕುಳಿತು ಉಣ್ಣುವುದು ಕೂಡ ಪಾಠವೇ. ಅದಕ್ಕೆ ಪರೀಕ್ಷೆಯಿಲ್ಲ, ಆದರೆ ಅದು ಬದುಕಿನುದ್ದಕ್ಕೂ ಉಳಿಯುತ್ತದೆ.

ಪುಟ್ಟ ಶಾಲೆಗೆ ಅದರ ಪುಟ್ಟತನವೇ ಒಂದು ಬಲ. ಅಲ್ಲಿನ ಶಿಕ್ಷಕರಿಗೆ ಪ್ರತಿ ಮಗುವಿನ ಮನೆ ಗೊತ್ತು. ಬಾರದ ಮಗು ಯಾವ ಹೊಲದಲ್ಲಿದೆ ಎಂಬುದೂ ಗೊತ್ತು. ಮಗು ಮನೆಯ ಮಾತಿನಲ್ಲಿಯೇ ಪ್ರಶ್ನೆ ಕೇಳಬಹುದು. ತಿಳಿದ ಭಾಷೆಯಲ್ಲಿ ಹೇಳಿದರೆ ಮಾತ್ರ ತಿಳಿವು ಮನಕ್ಕಿಳಿಯುತ್ತದೆ ಎಂಬುದನ್ನು ಹನ್ನೆರಡನೆಯ ಶತಮಾನದ ಶರಣರು ಜನರ ಕನ್ನಡದಲ್ಲಿ ವಚನಗಳನ್ನು ರಚಿಸಿ ತೋರಿಸಿಕೊಟ್ಟಿದ್ದಾರೆ.

ಕೊರತೆಗಳಿಲ್ಲವೆಂದು ನಾವು ಹೇಳುವುದಿಲ್ಲ. ಇಬ್ಬರಲ್ಲಿ ಒಬ್ಬರು ತರಬೇತಿಗೋ ಚುನಾವಣೆ, ಗಣತಿಯ ಕೆಲಸಕ್ಕೋ ಹೋದರೆ ಐದೂ ತರಗತಿಗಳ ಭಾರ ಒಬ್ಬರ ಮೇಲೆ ಬೀಳುತ್ತದೆ. ಕಾರ್ಡುಗಳು ಹರಿದು ಹೋದರೆ ಏಣಿಯ ಮೆಟ್ಟಿಲುಗಳೇ ಮುರಿದಂತೆ. ನಾಲ್ಕನೇ ತರಗತಿಗೆ ಬಂದಾಗ ಕಾರ್ಡಿನಿಂದ ಪಠ್ಯಪುಸ್ತಕಕ್ಕೆ ಹೊರಳುವುದು ಕೆಲವು ಮಕ್ಕಳಿಗೆ ಕಠಿಣವಾಗುತ್ತದೆ. 2007–08ರಿಂದ ಒಂದನೇ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ಭಾಷೆಯಾಗಿ ಕಲಿಸಲಾಗುತ್ತಿದ್ದರೂ, ಅದನ್ನು ಧೈರ್ಯದಿಂದ ಮಾತನಾಡುವ ವಾತಾವರಣ ಇನ್ನೂ ಬೆಳೆಯಬೇಕಿದೆ. ಹೆತ್ತವರ ಆತಂಕದ ಮೂಲ ಇಲ್ಲಿದೆ, ಅದು ಸುಳ್ಳಲ್ಲ.

ಆದರೆ ವ್ಯಾನು ಹತ್ತಿಸುವಾಗ ಮತ್ತೊಂದು ಲೆಕ್ಕವನ್ನೂ ಹಾಕಬೇಕು. ಅನುಕೂಲವುಳ್ಳ ಹತ್ತು ಮನೆಯವರು ಮಕ್ಕಳನ್ನು ಹೊರಗೆ ಕಳಿಸಿದರೆ ಶಾಲೆಯ ಹಾಜರಿ ಪುಸ್ತಕದಲ್ಲಿ ಹತ್ತು ಹೆಸರುಗಳು ಕಡಿಮೆಯಾಗುತ್ತವೆ. ಅವುಗಳ ಜೊತೆಗೆ ಶಾಲೆಯನ್ನು ಪ್ರಶ್ನಿಸುವ, ಕಾಯುವ ಹತ್ತು ದನಿಗಳೂ ಹೊರಟುಹೋಗುತ್ತವೆ. ಸಂಖ್ಯೆ ಕುಸಿದು ಒಂದು ದಿನ ಬಾಗಿಲು ಮುಚ್ಚಿದರೆ, ನಷ್ಟವಾಗುವುದು ವ್ಯಾನಿನ ಹಣ ಕಟ್ಟಲಾಗದ ಕೂಲಿಕಾರರ ಮಕ್ಕಳಿಗೆ, ದೂರ ಕಳಿಸಲು ಮನೆಯವರು ಅಂಜುವ ಹೆಣ್ಣುಮಕ್ಕಳಿಗೆ. ನಮ್ಮಲ್ಲಿ ಬಹುಪಾಲು ಜನ ಇಂಥ ಶಾಲೆಯ ಮಣ್ಣಿನಲ್ಲಿ ಕುಳಿತೇ ಅಕ್ಷರ ಕಲಿತವರು. ಆ ಋಣ ನಮ್ಮ ಮೇಲಿದೆ.

ಭಕ್ತರು ಮಾಡಬಹುದಾದ ಕಾರ್ಯಗಳು ಸರಳವಾಗಿವೆ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಭಾಗ ಪೋಷಕರೂ, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರೂ ಇರಬೇಕೆಂದು ಕಾಯಿದೆಯೇ ಹೇಳಿದೆ. ಆ ಸಭೆಗೆ ತಪ್ಪದೆ ಹೋಗಿರಿ. ಗೋಡೆಯ ಮೇಲಿರುವ ಪ್ರಗತಿನೋಟವನ್ನು ತೋರಿಸುವಂತೆ ಕೇಳಿ, ನಿಮ್ಮ ಮಗು ಯಾವ ಮೆಟ್ಟಿಲಲ್ಲಿದೆ ಎಂದು ವಿಚಾರಿಸಿರಿ. ಸಂಜೆ ಮಗುವಿನಿಂದ ನಾಲ್ಕು ಸಾಲು ಓದಿಸಿ ಕೇಳಿರಿ. ಓದು ಬಾರದವರೂ ಕೇಳಬಹುದು. ಹೆಸರು ಬರೆಸಲು ಕಲ್ಲು ಹಾಕಿಸುವ ಬದಲು ಕಥೆಪುಸ್ತಕಗಳನ್ನು ಕೊಡಿರಿ. ಇಂಗ್ಲಿಷ್ ಬಲ್ಲ ಊರಿನ ಯುವಕ ಯುವತಿಯರು ಶಿಕ್ಷಕರ ಅನುಮತಿ ಪಡೆದು ವಾರಕ್ಕೊಂದು ಗಂಟೆ ಮಕ್ಕಳೊಡನೆ ಮಾತನಾಡಲಿ. ಇದೂ ಕಾಯಕವೇ, ಇದೂ ದಾಸೋಹವೇ.

ಮಗುವನ್ನು ಎಲ್ಲಿಗೆ ಸೇರಿಸಬೇಕೆಂಬುದು ಹೆತ್ತವರ ನಿರ್ಧಾರ. ಅದನ್ನು ನಾವು ಗೌರವಿಸುತ್ತೇವೆ. ನಿರ್ಧರಿಸುವ ಮುನ್ನ ಒಮ್ಮೆ ನಿಮ್ಮ ಊರಿನ ಶಾಲೆಯ ಒಳಗೆ ಹೋಗಿ, ಅರ್ಧ ಗಂಟೆ ಮಕ್ಕಳ ನಡುವೆ ಕುಳಿತು ಬನ್ನಿರಿ ಎಂಬುದಷ್ಟೇ ನಮ್ಮ ಬಿನ್ನಹ.