ಮುಂಗಾಲು ಬದಲಿಸುವ ಮುನ್ನ

ಕಳೆದ ಮಹಾನವಮಿಯ ಆಯುಧಪೂಜೆಯಂದು ಹುಬ್ಬಳ್ಳಿಯಲ್ಲಿರುವ ನಮ್ಮ ಅಣ್ಣನವರ ಮನೆಯಂಗಳದಲ್ಲಿ ಕುಡುಗೋಲು, ಹೊಲಿಗೆಯಂತ್ರ, ಲೆಕ್ಕದ ಪುಸ್ತಕಗಳ ಸಾಲಿನ ಕೊನೆಗೆ ಎಂದಿನಂತೆ ಬುಲೆಟ್ ಗಾಡಿ ನಿಂತಿತ್ತು. ಲಿಂಗೈಕ್ಯರಾದ ಅಣ್ಣನವರು 2013ರಲ್ಲಿ ಕೊಂಡ ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಅದು. ಅದರ ದೀಪದ ನೆತ್ತಿಗೆ ಮೂರೆಳೆ ವಿಭೂತಿ ಧರಿಸಿ ಹೂವೇರಿಸುತ್ತಿದ್ದಾಗ, ಅವರ ಮಗನು ಗೋಣಿಚೀಲದಲ್ಲಿ ಸುತ್ತಿದ್ದ ಭಾರವಾದ ಗಂಟೊಂದನ್ನು ತಂದು ಪಕ್ಕದಲ್ಲಿಟ್ಟು, "ಕಾಕಾ, ಇದಕ್ಕೂ ಒಂದೀಟು ವಿಭೂತಿ ಹಚ್ಚರಿ" ಎಂದನು. ಬಿಚ್ಚಿ ನೋಡಿದರೆ ಕೆಟಿಎಂ ಆರ್‌ಸಿ 390 ಎಂಬ ಸ್ಪೋರ್ಟ್ಸ್ ಬೈಕಿನ ಮುಂಭಾಗದ ಫೋರ್ಕು, ಅದರ ಚಕ್ರ, ಡಿಸ್ಕು. ಬೆಂಗಳೂರಿನ ಗುಜರಿಯೊಂದರಲ್ಲಿ ಕೊಂಡು ತಂದಿದ್ದ. ತಂದೆಯ ಗಾಡಿಯ ಮುಂಗಾಲುಗಳನ್ನು ತೆಗೆದು ಇವನ್ನು ಕೂಡಿಸಬೇಕೆಂಬುದು ಅವನ ಸಂಕಲ್ಪ. ನಮ್ಮ ಅತ್ತಿಗೆಯವರು ಮಾತ್ರ ಒಳಗಿನಿಂದಲೇ, "ಛಲೋ ಓಡೂ ಗಾಡಿ ಕಾಲು ಯಾಕ ಮುರೀತಿಯಪಾ?" ಎಂದರು.

ಅಂದಿನಿಂದ ಮೂರು ತಿಂಗಳವರೆಗೆ ಆ ಮನೆಯಲ್ಲಿ ನಡೆದ ವಾದವಿವಾದದಲ್ಲಿ ನಾವೂ ಪಾಲುಗೊಳ್ಳಬೇಕಾಯಿತು. ಇಂದು ನಮ್ಮ ಸಮಾಜದ ಅನೇಕ ಮನೆಗಳಲ್ಲಿ ತರುಣರಿಗೆ ಈ ಹಂಬಲವಿದೆ. ಬೈಯುವುದರಿಂದ ಅದು ತಣಿಯದು, ವಿಷಯವನ್ನು ಅರಿಯದೆ ಬೈದರಂತೂ ಹಿರಿಯರ ಮಾತಿಗೆ ಬೆಲೆಯೇ ಉಳಿಯದು. ಆದ್ದರಿಂದ ನಾವು ಕಲಿತಷ್ಟನ್ನು ವಾಚಕ ಬಂಧುಗಳ ಮುಂದಿಡುತ್ತಿದ್ದೇವೆ.

ಮೊದಲು ಹುಡುಗನ ಪಕ್ಷವನ್ನು ಕೇಳೋಣ, ಏಕೆಂದರೆ ಅದರಲ್ಲಿ ಸತ್ಯಾಂಶವುಂಟು. ಎಣ್ಣೆಯ ತಡೆಯುಳ್ಳ, ಒಂದರೊಳಗೊಂದು ಜಾರುವ ಕೊಳವೆಗಳ ಫೋರ್ಕನ್ನು 1935ರಲ್ಲಿಯೇ ಬಿಎಂಡಬ್ಲ್ಯು ಸಂಸ್ಥೆಯವರು ತಮ್ಮ ಆರ್ 12 ಗಾಡಿಗೆ ಅಳವಡಿಸಿದ್ದರು. ಸಾಮಾನ್ಯ ಗಾಡಿಗಳ ಫೋರ್ಕು ಇಂದಿಗೂ ಬಹುಮಟ್ಟಿಗೆ ಅದೇ ತತ್ತ್ವದ್ದು. ಒಳಗಿನ ಸ್ಪ್ರಿಂಗ್ ಕುಸಿದಾಗ ಎಣ್ಣೆಯು ಕೊಳವೆಯಲ್ಲಿ ಕೊರೆದ ಸಣ್ಣ ರಂಧ್ರಗಳ ಮೂಲಕ ನುಸುಳಬೇಕು. ರಂಧ್ರದ ಅಳತೆ ಬದಲಾಗುವುದಿಲ್ಲ. ನಿಧಾನವಾದ ಏರಿಳಿತದಲ್ಲಿ ಎಣ್ಣೆ ಸರಾಗವಾಗಿ ಹರಿದುಹೋಗಿ ಗಾಡಿ ತೂಗಾಡುತ್ತದೆ, ತಟ್ಟನೆ ಬಂದ ಗುಂಡಿಯಲ್ಲಿ ಅದೇ ಎಣ್ಣೆ ರಂಧ್ರದ ಬಾಯಿಯಲ್ಲಿ ಇಕ್ಕಟ್ಟಿಗೆ ಸಿಕ್ಕಿ ಪೆಟ್ಟು ನೇರವಾಗಿ ಮುಂಗೈಗೆ ಬಡಿಯುತ್ತದೆ. ಉತ್ತಮ ಸ್ಪೋರ್ಟ್ಸ್ ಬೈಕುಗಳಲ್ಲಿ ಈ ರಂಧ್ರಗಳ ಸ್ಥಾನದಲ್ಲಿ ತೆಳುವಾದ ಉಕ್ಕಿನ ಬಿಲ್ಲೆಗಳ ಕವಾಟವಿರುತ್ತದೆ. ಒತ್ತಡ ಹೆಚ್ಚಿದಂತೆ ಬಿಲ್ಲೆಗಳು ಬಾಗಿ ಎಣ್ಣೆಗೆ ದಾರಿ ಬಿಡುತ್ತವೆ. ಅಲ್ಲದೆ ಅವುಗಳ ದಪ್ಪ ಕೊಳವೆ ಮೇಲಕ್ಕೂ ಸಣ್ಣ ಕೊಳವೆ ಕೆಳಕ್ಕೂ ಇರುವುದರಿಂದ, ಬ್ರೇಕ್ ಒತ್ತಿದಾಗ ಬಾಗುವ ಬಲ ಎಲ್ಲಿ ಹೆಚ್ಚೋ ಅಲ್ಲಿಯೇ ಕಸುವೂ ಹೆಚ್ಚು. ನಮ್ಮ ಕ್ಲಾಸಿಕ್‌ನ ಫೋರ್ಕಿನ ಕೊಳವೆ 35 ಮಿಲಿಮೀಟರ್ ವ್ಯಾಸದ್ದು, ಆರ್‌ಸಿಯದು 43. ಎರಡನ್ನೂ ಪಕ್ಕದಲ್ಲಿಟ್ಟು ನೋಡಿದ ಯಾವ ಹುಡುಗನಿಗಾದರೂ ಮನಸ್ಸು ಜಾರುವುದು ಸಹಜವೇ.

ಇಂತಹ ಬದಲಾವಣೆ ಹೊರದೇಶಗಳಲ್ಲಿ ಹೊಸದಲ್ಲ. 1999ರಲ್ಲಿ ಬಂದ ಸುಜುಕಿ ಎಸ್‌ವಿ 650 ಎಂಬ ಗಾಡಿಯ ಎಂಜಿನ್ ಸೊಗಸಾದುದು, ಮುಂಭಾಗದ ಫೋರ್ಕು ಮಾತ್ರ ಮಿತವ್ಯಯದ್ದು. ಅಮೆರಿಕ, ಬ್ರಿಟನ್ನುಗಳ ಹವ್ಯಾಸಿ ಸ್ಪರ್ಧಿಗಳು ಅದೇ ಕಂಪನಿಯ ಜಿಎಸ್‌ಎಕ್ಸ್-ಆರ್ ಬೈಕಿನ ಮುಂಭಾಗವನ್ನು ಇಡಿಯಾಗಿ ತೆಗೆದು ಅದಕ್ಕೆ ಕೂಡಿಸಿ ವರ್ಷಗಟ್ಟಲೆ ಓಡಿಸಿದ್ದಾರೆ. ಹುಡುಗನು ನಮಗೆ ತೋರಿಸಿದ ನಿದರ್ಶನವೂ ಅದೇ. ಆದರೆ ಅವನು ಗಮನಿಸದಿದ್ದ ಅಂಶವೊಂದಿತ್ತು. ಅಲ್ಲಿ ಎರಡೂ ಗಾಡಿಗಳ ಮುಂಚಕ್ರ 17 ಇಂಚಿನದು. ನಮ್ಮ ಬುಲೆಟ್ಟಿನದು 19, ಆರ್‌ಸಿಯದು 17. ಇಡೀ ತೊಡಕಿನ ಬೇರು ಈ ಎರಡು ಇಂಚುಗಳಲ್ಲಿದೆ.

ಆಸ್ಪತ್ರೆಯ ತಳ್ಳುಗಾಡಿಯ ಚಿಕ್ಕ ಗಾಲಿಯನ್ನು ಎಲ್ಲರೂ ನೋಡಿರಬಹುದು. ಗೂಟವು ಮುಂದೆ, ಗಾಲಿ ನೆಲ ಮುಟ್ಟುವ ಜಾಗ ಸ್ವಲ್ಪ ಹಿಂದೆ. ಹೀಗಿರುವುದರಿಂದಲೇ ತಳ್ಳಿದ ದಿಕ್ಕಿಗೆ ಗಾಲಿ ತಾನಾಗಿಯೇ ನೇರವಾಗುತ್ತದೆ. ಮೋಟರ್‌ಸೈಕಲ್ಲಿನ ಮುಂಚಕ್ರವೂ ಹಾಗೆಯೇ. ಹ್ಯಾಂಡಲ್ ತಿರುಗುವ ಕೊರಳು ಹಿಂದಕ್ಕೆ ಓರೆಯಾಗಿದೆ. ಆ ಓರೆಯ ಗೆರೆಯನ್ನು ನೆಲದವರೆಗೆ ಎಳೆದರೆ ಅದು ತಾಗುವ ಬಿಂದುವು ಚಕ್ರ ನೆಲ ಮುಟ್ಟುವ ಬಿಂದುವಿಗಿಂತ ಮುಂದಿರುತ್ತದೆ. ಈ ಎರಡು ಬಿಂದುಗಳ ನಡುವಿನ ಅಂತರಕ್ಕೆ ಟ್ರೇಲ್ ಎನ್ನುತ್ತಾರೆ. ಅಂತರ ಹೆಚ್ಚಾದರೆ ಗಾಡಿ ನೇರ ಹೋಗಲು ಹಟ ಹಿಡಿಯುತ್ತದೆ, ತಿರುಗಿಸಲು ಭಾರ. ತೀರ ಕಡಿಮೆಯಾದರೆ ವೇಗದಲ್ಲಿ ಹ್ಯಾಂಡಲ್ ಅತ್ತಿತ್ತ ಬಡಿದಾಡತೊಡಗುತ್ತದೆ.

ಲೆಕ್ಕವನ್ನು ನಾವೇ ಕಾಗದದ ಮೇಲೆ ಮಾಡಿ ನೋಡಿದೆವು. ಬುಲೆಟ್ಟಿನ 19 ಇಂಚಿನ ಚಕ್ರಕ್ಕೆ ಟೈರಿನ ಎತ್ತರ ಸೇರಿಸಿದರೆ ಅಚ್ಚಿನಿಂದ ನೆಲಕ್ಕೆ ಸುಮಾರು 322 ಮಿಲಿಮೀಟರ್, ಆರ್‌ಸಿಯ ಚಕ್ರಕ್ಕೆ ಸುಮಾರು 293. ಅಲ್ಲಿಗೇ ಮುಂಭಾಗ 29 ಮಿಲಿಮೀಟರ್ ಕುಸಿಯಿತು. ಹೊಸ ಫೋರ್ಕು ಹಳೆಯದಕ್ಕಿಂತ 30 ಮಿಲಿಮೀಟರ್ ಗಿಡ್ಡವೆಂದು ಹಿಡಿದರೆ ಒಟ್ಟು ಕುಸಿತ ಸುಮಾರು 59, ಕೊರಳಿನ ಓರೆಯಲ್ಲಿ ಸುಮಾರು ಎರಡೂವರೆ ಅಂಶಗಳ ಇಳಿತ. ಇನ್ನು ಫೋರ್ಕಿನ ಎರಡು ಕಾಲುಗಳನ್ನು ಹಿಡಿದಿಡುವ, ನಮ್ಮ ಮೇಸ್ತ್ರಿಗಳು ಟೀ ಎಂದು ಕರೆಯುವ ಭಾಗವಿದೆ. ಕಾಲುಗಳು ಕೊರಳಿನ ಗೆರೆಗಿಂತ ಎಷ್ಟು ಮುಂದೆ ನಿಲ್ಲಬೇಕೆಂಬುದನ್ನು ಅದೇ ನಿರ್ಧರಿಸುತ್ತದೆ. ಹಳೆಯ ಗಾಡಿಗಳಲ್ಲಿ ಈ ಅಂತರ ಹೆಚ್ಚು, ಸ್ಪೋರ್ಟ್ಸ್ ಬೈಕುಗಳಲ್ಲಿ ಕಡಿಮೆ. ಮೊದಲಿನ ಓರೆ 27 ಅಂಶ, ಟೀಯ ಅಂತರ 60 ಮಿಲಿಮೀಟರ್ ಎಂದು ಉದಾಹರಣೆಗೆ ಹಿಡಿದರೆ ಟ್ರೇಲ್ 97 ಬರುತ್ತದೆ. ಚಕ್ರವನ್ನೂ ಫೋರ್ಕನ್ನೂ ಬದಲಿಸಿ, ಅಂತರವನ್ನು ಮಾತ್ರ ಅದೇ 60ಕ್ಕೆ ಉಳಿಸಿದರೆ ಟ್ರೇಲ್ 68ಕ್ಕೆ ಇಳಿಯುತ್ತದೆ. ಅಂತರವನ್ನು 32ಕ್ಕೆ ಇಳಿಸಿದರೆ ಟ್ರೇಲ್ ಮತ್ತೆ 98ಕ್ಕೆ ಏರಿ, ಮೊದಲಿನ ಜಾಗಕ್ಕೇ ಬಂದು ನಿಲ್ಲುತ್ತದೆ! ಈ ಅಂಕಿಗಳು ತಿಳಿವಳಿಕೆಗಾಗಿ ಹಿಡಿದವು; ಮಾಡಹೊರಟವರು ತಮ್ಮ ಗಾಡಿಯನ್ನೇ ಅಳೆಯಬೇಕು.

ಹುಡುಗನು ಗೊತ್ತುಮಾಡಿದ್ದ ಲೇತ್ ಅಂಗಡಿಯವರು ಮಾಡಹೊರಟಿದ್ದು ಯಾವುದು ಗೊತ್ತೇ? ಹಳೆಯ ಟೀಯ ಅಳತೆಯನ್ನೇ ಯಥಾವತ್ತಾಗಿ ನಕಲು ಮಾಡಿ, ರಂಧ್ರವನ್ನು ಮಾತ್ರ 35ರಿಂದ 43ಕ್ಕೆ ದೊಡ್ಡದು ಮಾಡಿ ಹೊಸದೊಂದನ್ನು ಕಡೆದುಕೊಡುವುದು. ನೋಡಲು ಅಚ್ಚುಕಟ್ಟು, ಕೂಡಿಸಲು ಸುಲಭ. ಓಡಿಸಿದಾಗ 68ರ ಗಾಡಿ. ಅವರು ಮೋಸ ಮಾಡುವವರಲ್ಲ, ಕೈಗೆ ಕೊಟ್ಟ ಅಳತೆಯನ್ನು ಚಾಚೂ ತಪ್ಪದೆ ಪಾಲಿಸುವವರು. ಅಳತೆ ಕೊಟ್ಟವನೇ ತಪ್ಪಿದ್ದ. ಸರಿಯಾದ ಕ್ರಮವೆಂದರೆ ಆರ್‌ಸಿಯ ಟೀಯನ್ನೇ ಇಟ್ಟುಕೊಂಡು, ಅದರ ನಡುವಿನ ದಂಡವನ್ನು ಪ್ರೆಸ್‌ನಲ್ಲಿ ಹೊರತಳ್ಳಿ ನಮ್ಮ ಗಾಡಿಯ ಕೊರಳಿಗೆ ಹೊಂದುವ ದಂಡವನ್ನು ಬಿಗಿಯಾಗಿ ಕೂಡಿಸುವುದು, ಇಲ್ಲವೆ ಒಳ ಅಳತೆ ಹೊಸ ದಂಡಕ್ಕೂ ಹೊರ ಅಳತೆ ಹಳೆಯ ಕೊರಳಿಗೂ ಒಪ್ಪುವ ಬೇರಿಂಗ್ ಹುಡುಕುವುದು. ಹುಡುಗನ ಗೋಣಿಚೀಲದಲ್ಲಿ ಎಲ್ಲವೂ ಇತ್ತು, ಟೀ ಒಂದೇ ಇರಲಿಲ್ಲ.

ಇದನ್ನು ಕಂಡುಹಿಡಿದವರು ನಾವಲ್ಲ, ನಮ್ಮ ಓಣಿಯ ಹಿರಿಯ ಮೇಸ್ತ್ರಿಗಳು. ಶರಣರು ಕಾಯಕವೆಂದು ಕರೆದದ್ದು ಇಂತಹ ಕೈಗಳ ಕೆಲಸವನ್ನೇ ಎಂದು ಅವರನ್ನು ನೋಡಿದಾಗಲೆಲ್ಲ ನಮಗೆ ಅನಿಸುತ್ತದೆ. ಅವರು ಹುಡುಗನನ್ನು ಗದರಲಿಲ್ಲ. "ಮೊದಲು ಇದು ನೆಟ್ಟಗದನೋ ಇಲ್ಲೋ ನೋಡೋಣು, ತಮ್ಮಾ" ಎಂದು ಫೋರ್ಕನ್ನು ಬಿಚ್ಚಿ, ಕೆಳಗಿನ ಹೊಳಪಿನ ಕೊಳವೆಗಳನ್ನು ದಪ್ಪ ಗಾಜಿನ ಹಲಗೆಯ ಮೇಲಿಟ್ಟು ಅಂಗೈಯಿಂದ ಮೆಲ್ಲನೆ ಉರುಳಿಸಿದರು. ಒಂದು ಕೊಳವೆ ಸದ್ದಿಲ್ಲದೆ ಉರುಳಿತು. ಇನ್ನೊಂದರ ಅಡಿಯಲ್ಲಿ ಬೆಳಕಿನ ಸಣ್ಣ ಗೆರೆಯೊಂದು ಕಾಣಿಸಿತು, ಮರೆಯಾಯಿತು, ಮತ್ತೆ ಕಾಣಿಸಿತು. ಕೊಳವೆ ಬಾಗಿತ್ತು. ಗುಜರಿಗೆ ಬರುವ ಫೋರ್ಕುಗಳು ಎಲ್ಲಿಂದ ಬರುತ್ತವೆಂಬುದನ್ನು ಅಲ್ಲಿಯವರೆಗೆ ಯಾರೂ ಯೋಚಿಸಿರಲಿಲ್ಲ. ಅಪಘಾತಕ್ಕೀಡಾದ ಗಾಡಿಗಳೂ ಅಲ್ಲಿಗೇ ಬರುತ್ತವೆ, ಎದುರಿನಿಂದ ಬಡಿದಾಗ ಮೊದಲ ಪೆಟ್ಟು ತಿನ್ನುವುದು ಫೋರ್ಕೇ. ಆ ಗೆರೆ ಕಂಡ ಕ್ಷಣದಲ್ಲಿ ಅತ್ತಿಗೆಯವರ ಮುಖವನ್ನು ನೋಡುವ ಧೈರ್ಯ ನಮಗಾಗಲಿಲ್ಲ. ಅದನ್ನು ಮೊದಲು ಓಡಿಸಿದ ಹುಡುಗ ಯಾರೋ, ಏನಾದನೋ.

ಉಳಿದ ತೊಡಕುಗಳನ್ನು ಬೇಗ ಹೇಳಿ ಮುಗಿಸುತ್ತೇವೆ. ಮುಂಚಕ್ರದ ತಂತಿಯಿಂದ ನಡೆಯುವ ವೇಗಮಾಪಕವು ಹೊಸ ಚಕ್ರದೊಡನೆ ಸತ್ತುಹೋಗುತ್ತದೆ. ಮುಂಭಾಗ ಕುಸಿದರೆ ಸೈಡ್ ಸ್ಟ್ಯಾಂಡ್ ಉದ್ದವೆನಿಸಿ ಗಾಡಿ ನೆಟ್ಟಗೆ ನಿಲ್ಲುತ್ತದೆ, ಗಾಳಿ ಬೀಸಿದರೆ ಆಚೆಗೆ ಮಗುಚೀತು. ಸ್ಪ್ರಿಂಗ್ ತೆಗೆದು ಫೋರ್ಕನ್ನು ಪೂರ್ತಿ ಕುಸಿಯಿಸಿ ಟೈರು ಚೌಕಟ್ಟಿಗೆ ತಾಗುವುದೇ ಎಂದು ನೋಡದೆ ರಸ್ತೆಗಿಳಿಯುವುದು ಹುಚ್ಚುತನ. 2019ರ ಏಪ್ರಿಲ್‌ನಿಂದೀಚೆಗೆ ಮಾರಾಟವಾದ, 125 ಸಿಸಿ ಮೀರಿದ ಗಾಡಿಗಳಲ್ಲಿ ಎಬಿಎಸ್ ಕಡ್ಡಾಯ. ಚಕ್ರದ ಸುತ್ತಳತೆ ಅಥವಾ ಅದರ ಹಲ್ಲಿನ ಉಂಗುರ ಬದಲಾದರೆ ಎಬಿಎಸ್ ಚಕ್ರದ ವೇಗವನ್ನು ತಪ್ಪಾಗಿ ಓದುತ್ತದೆ. ನಮ್ಮದು ಅದಕ್ಕಿಂತ ಹಿಂದಿನ ಗಾಡಿಯಾದ್ದರಿಂದ ಈ ಒಂದು ತಾಪತ್ರಯ ತಪ್ಪಿತು.

ಕಾನೂನಿನ ಮಾತನ್ನು ಮಾತ್ರ ಅವಸರದಲ್ಲಿ ದಾಟುವಂತಿಲ್ಲ. 1988ರ ಮೋಟಾರು ವಾಹನ ಅಧಿನಿಯಮದ 52ನೆಯ ಪ್ರಕರಣದಂತೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೊದಲು ನಮೂದಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸಕೂಡದು. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಿಂದ ಬಂದ 182ಎ ಪ್ರಕರಣದಲ್ಲಿ, ಅನುಮತಿಯಿಲ್ಲದೆ ಮಾರ್ಪಡಿಸಿದ ಮಾಲೀಕನಿಗೆ ಆರು ತಿಂಗಳವರೆಗೆ ಸೆರೆವಾಸ ಅಥವಾ ಒಂದೊಂದು ಮಾರ್ಪಾಟಿಗೆ 5,000 ರೂಪಾಯಿ ದಂಡ, ಅಥವಾ ಎರಡೂ ವಿಧಿಸಲು ಅವಕಾಶವಿದೆ. "ಎಂಜಿನ್ ಮುಟ್ಟಿಲ್ಲಲ್ಲ ಕಾಕಾ?" ಎಂದು ಹುಡುಗ ಕೇಳಿದ. ಕೊರಳಿನ ಓರೆ, ಟೀಯ ಅಂತರ ಬದಲಾದರೆ ಎರಡು ಚಕ್ರಗಳ ನಡುವಿನ ದೂರವೇ ಬದಲಾಗುತ್ತದೆ, ಆ ದೂರವು ನೋಂದಣಿಯ ವಿವರಗಳಲ್ಲಿ ಒಂದು ಎಂದು ತೋರಿಸಿದಾಗ ಸುಮ್ಮನಾದ. ಅಪಘಾತವಾದರೆ ವಿಮೆಯವರು ತಕರಾರು ತೆಗೆಯಲು ಇಷ್ಟೇ ಸಾಕು. ಹಿಂದೆ ಕೂತವರು ತಾಯಿಯೋ ತಂಗಿಯೋ ಆಗಿದ್ದರೆ ಆ ತಕರಾರಿನ ಭಾರ ಯಾರ ಮೇಲೆ ಬೀಳುತ್ತದೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಲಿಲ್ಲ.

ಕೊನೆಗೆ ಮೇಸ್ತ್ರಿಗಳು ಅಣ್ಣನವರ ಹಳೆಯ ಫೋರ್ಕನ್ನೇ ಬಿಚ್ಚಿದರು. ಒಳಗಿನ ಎಣ್ಣೆಯನ್ನು ಕೊಂಡಂದಿನಿಂದ ಯಾರೂ ಬದಲಿಸಿರಲಿಲ್ಲ. ಕಾಕಂಬಿಯಂತೆ ಕಪ್ಪಾಗಿ, ನಾತ ಹೊಡೆಯುತ್ತ ಹೊರಬಂತು. ಕೊರಳಿನ ಕೋನ್ ಸೆಟ್ಟಿನಲ್ಲಿ ಗುಳಿಗಳು ಬಿದ್ದಿದ್ದವು, ಹ್ಯಾಂಡಲ್ ನಡುಮಧ್ಯದಲ್ಲಿ ಸಿಕ್ಕಿಕೊಳ್ಳುತ್ತಿದ್ದುದು ಅದರಿಂದ. ಹೊಸ ಎಣ್ಣೆಯನ್ನು ಎರಡೂ ಕಾಲುಗಳಿಗೆ ಸಮನಾಗಿ ಅಳೆದು ಹಾಕಿ, ಆಯಿಲ್ ಸೀಲ್, ಕೋನ್ ಸೆಟ್, ಮುಂದಿನ ಟೈರು, ಬ್ರೇಕ್ ಪ್ಯಾಡುಗಳನ್ನು ಬದಲಿಸಿದರು. ಅಷ್ಟಾದ ಮೇಲೆ ಹುಡುಗನು ಧಾರವಾಡಕ್ಕೆ ಒಂದು ಸುತ್ತು ಹೋಗಿಬಂದು, ಹೆಲ್ಮೆಟ್ ತೆಗೆಯದೆಯೇ, "ಇದು ಮೊದಲ ಹಿಂಗs ಇತ್ತೇನ್ರಿ ಕಾಕಾ?" ಎಂದು ಕೇಳಿದ. ಇತ್ತು. ಅಣ್ಣನವರು ಗಾಡಿ ತಂದ ಹೊಸತರಲ್ಲಿ ಅವರ ಹಿಂದೆ ಕೂತು ಅದೇ ರಸ್ತೆಯಲ್ಲಿ ಹೋದದ್ದು ನಮಗೆ ನೆನಪಿದೆ.

ಅವನ ಹಂಬಲ ಪೂರ್ತಿ ತೀರಿದೆಯೆಂದು ನಾವು ಹೇಳಲಾರೆವು. ರಸ್ತೆಗೆ ಇಳಿಸದ, ಮೈದಾನದ ಸ್ಪರ್ಧೆಗಷ್ಟೇ ಬಳಸುವ ಹಳೆಯ ಗಾಡಿಯೊಂದು ಸಿಕ್ಕರೆ ನೋಡುವೆನೆಂದು ಆರ್‌ಸಿಯ ಟೀಯನ್ನೂ ನೆಟ್ಟಗಿನ ಕೊಳವೆಯನ್ನೂ ಹುಡುಕುತ್ತಿದ್ದಾನೆ. ನಾವು ಅದಕ್ಕೆ ಅಡ್ಡಿಯಾಗಿಲ್ಲ. ಬಾಗಿದ ಕೊಳವೆಯ ಮೇಲೆ ಮೇಸ್ತ್ರಿಗಳು ಸೀಮೆಸುಣ್ಣದಿಂದ ದೊಡ್ಡದಾಗಿ ಗುರುತು ಹಾಕಿಕೊಟ್ಟಿದ್ದಾರೆ. ಉಳಿದ ಫೋರ್ಕು ಅದೇ ಗೋಣಿಚೀಲದಲ್ಲಿ ಅಟ್ಟದ ಮೇಲಿದೆ, ಅದರ ಮೇಲೆ ಅತ್ತಿಗೆಯವರು ಹಪ್ಪಳದ ಡಬ್ಬಿ ಇಟ್ಟಿದ್ದಾರೆ.