ಮನೋವೈದ್ಯನ ಕಣ್ಣಿನಲ್ಲಿ ಕಾಮ

ಧರ್ಮ, ಅರ್ಥ, ಮೋಕ್ಷಗಳ ಸಾಲಿನಲ್ಲಿ ಕಾಮವನ್ನೂ ಪುರುಷಾರ್ಥವೆಂದು ಎಣಿಸಿದ ನಾಡು ನಮ್ಮದು. ಆದರೂ ಮನೆಯ ಪಡಸಾಲೆಯಲ್ಲಿ ಆ ಮಾತೆದ್ದರೆ ಹಿರಿಯರು ಕೆಮ್ಮುತ್ತಾರೆ, ಕಿರಿಯರು ನೆಲ ನೋಡುತ್ತಾರೆ. ಈ ಮೌನಕ್ಕೆ ಬೆಲೆ ತೆರುವವರು ನಮ್ಮ ತರುಣ ತರುಣಿಯರು.

ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಲೆಕ್ಕ ಬರೆಯುವ ಒಬ್ಬ ತರುಣನನ್ನು ಊಹಿಸಿಕೊಳ್ಳೋಣ. ರಾಣೇಬೆನ್ನೂರಿನ ಕನ್ಯೆಯೊಡನೆ ನಿಶ್ಚಯವಾಗಿದೆ. ಹಾವೇರಿಯಲ್ಲಿ ಏಲಕ್ಕಿ ಹಾರಕ್ಕೂ ಹೇಳಿಯಾಗಿದೆ. ಮದುವೆ ಸಮೀಪಿಸಿದಂತೆಲ್ಲ ಅವನಿಗೆ ಊಟ ಸೇರದು, ನಿದ್ರೆ ಬಾರದು. ಧಾತು ನಷ್ಟವಾಗಿ ತಾನು ನಿಸ್ಸತ್ತ್ವನಾಗಿದ್ದೇನೆಂಬುದು ಅವನ ನಂಬಿಕೆ. ಬಸ್ ನಿಲ್ದಾಣದ ಗೋಡೆಯ ಮೇಲಣ 'ಗುಪ್ತರೋಗ'ದ ಜಾಹೀರಾತು ಆ ನಂಬಿಕೆಗೆ ನೀರೆರೆಯುತ್ತದೆ.

ನಲವತ್ತು ಹನಿ ರಕ್ತಕ್ಕೆ ಒಂದು ಹನಿ ವೀರ್ಯ ಎಂಬ ಹಳೆಯ ಲೆಕ್ಕಕ್ಕೆ ಶರೀರಶಾಸ್ತ್ರದಲ್ಲಿ ಆಧಾರವಿಲ್ಲ. ಭಯ ಮಾತ್ರ ನಿಜ. ಈ ಬೇನೆಗೆ 1960ರಲ್ಲಿ ಡಾ. ಎನ್. ಎನ್. ವಿಗ್ ಅವರು 'ಧಾತ್ ಸಿಂಡ್ರೋಮ್' ಎಂದು ಹೆಸರಿಟ್ಟರು.

ಇದೇ ತರುಣನನ್ನು ಮನೋಚಿಕಿತ್ಸೆಯ ಪಂಥಗಳು ಬೇರೆ ಬೇರೆಯಾಗಿ ಕಾಣುತ್ತವೆ. 1905ರಲ್ಲಿ ಕಾಮವನ್ನು ಕುರಿತು ಮೂರು ಪ್ರಬಂಧಗಳನ್ನು ಪ್ರಕಟಿಸಿದ ಫ್ರಾಯ್ಡನ ಅನುಯಾಯಿಗಳು ಬಾಲ್ಯದಲ್ಲಿ ಅದುಮಿಟ್ಟ ಬಯಕೆಯನ್ನೂ ಅಪರಾಧಭಾವವನ್ನೂ ಅರಸುವರು. ಭಯವೂ ಕಲಿತದ್ದೇ, ಕಲಿತದ್ದನ್ನು ಮೆಲ್ಲಮೆಲ್ಲನೆ ಬಿಡಿಸಬಹುದು ಎನ್ನುವರು ವರ್ತನಾವಾದಿಗಳು. ನಂಬಿಕೆಯನ್ನೇ ಒರೆಗೆ ಹಚ್ಚಬೇಕೆಂಬುದು ಅರಿವಿನ ಚಿಕಿತ್ಸೆಯ ಮತ. ದೋಷವನ್ನು ಒಬ್ಬರ ತಲೆಗೆ ಕಟ್ಟದೆ ದಂಪತಿಗಳಿಬ್ಬರನ್ನೂ ಜೊತೆಯಲ್ಲಿ ಕೂಡಿಸಿ ಚಿಕಿತ್ಸೆ ನೀಡಬೇಕೆಂದು ಮಾಸ್ಟರ್ಸ್ ಮತ್ತು ಜಾನ್ಸನ್ 1970ರ ಗ್ರಂಥದಲ್ಲಿ ತೋರಿಸಿದರು. ಕಾರ್ಲ್ ರೋಜರ್ಸ್ ಮಾರ್ಗದವರಾದರೋ ತೀರ್ಪು ಕೊಡದೆ ಆಲಿಸುವುದನ್ನೇ ಮೊದಲ ಮದ್ದೆಂದು ತಿಳಿದವರು.

ಈ ಭೇದಗಳು ಕೇವಲ ಪಂಡಿತರ ವಾಗ್ವಾದವಲ್ಲ. ಸಲಿಂಗಪ್ರೇಮ ರೋಗವಲ್ಲವೆಂದು ಫ್ರಾಯ್ಡನೇ 1935ರಲ್ಲಿ ಒಬ್ಬ ಅಮೆರಿಕನ್ ತಾಯಿಗೆ ಬರೆದಿದ್ದನು. ಆದರೂ ಆತನ ಪಂಥದ ಅನೇಕರು ಮುಂದೆ ಅದನ್ನು ರೋಗವೆಂದೇ ಸಾಧಿಸಿದರು. ಕೆಲವು ವರ್ತನಾವಾದಿಗಳು ವಿದ್ಯುದಾಘಾತದಿಂದ ಅದನ್ನು ಅಳಿಸಹೊರಟು ಎಷ್ಟೋ ಜೀವಗಳನ್ನು ನೋಯಿಸಿದರು. ಅಮೆರಿಕದ ಮನೋವೈದ್ಯ ಸಂಘ 1973ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆ 1990ರಲ್ಲಿ ಅದನ್ನು ರೋಗಗಳ ಪಟ್ಟಿಯಿಂದ ತೆಗೆದವು. ವಯಸ್ಕರ ಸಮ್ಮತಿಯ ಸಂಬಂಧ ಅಪರಾಧವಲ್ಲವೆಂದು ನಮ್ಮ ಸುಪ್ರೀಂ ಕೋರ್ಟು 2018ರಲ್ಲಿ ಸಾರಿತು. ಅಂಥವರನ್ನು 'ಬದಲಿಸುವ' ಚಿಕಿತ್ಸೆಯನ್ನು ರಾಷ್ಟ್ರೀಯ ವೈದ್ಯಕೀಯ ಆಯೋಗವು 2022ರಲ್ಲಿ ವೃತ್ತಿದ್ರೋಹವೆಂದು ಘೋಷಿಸಿತು.

ಹಾಗಾದರೆ ಯಾವ ಪಂಥವನ್ನು ನಂಬಬೇಕು? ರೋಗಿಯ ನೋವು ಬಯಕೆಯಿಂದ ಹುಟ್ಟಿದೆಯೋ, ಬಯಕೆಯನ್ನು ಕುರಿತ ನಾಚಿಕೆಯಿಂದ ಹುಟ್ಟಿದೆಯೋ ಎಂದು ಮೊದಲು ವಿಚಾರಿಸುವ ವೈದ್ಯನು ಯಾವ ಪಂಥದವನಾದರೂ ನಂಬಿಕೆಗೆ ಅರ್ಹನು. ನಮ್ಮ ಲೆಕ್ಕದ ತರುಣನಿಗೆ ಬೇಕಾದುದು ಪುಷ್ಟಿಯ ಲೇಹ್ಯವಲ್ಲ; ಶರೀರದ ಸರಿಯಾದ ತಿಳಿವಳಿಕೆ, ಕೈಹಿಡಿಯುವವಳೊಡನೆ ನಾಲ್ಕು ಮುಕ್ತ ಮಾತು.

ಇದಕ್ಕಾಗಿ ದೂರ ಅಲೆಯಬೇಕಾಗಿಲ್ಲ. ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ, ಬೆಂಗಳೂರಿನಲ್ಲಿ ನಿಮ್ಹಾನ್ಸ್ ಇದೆ. ಮನೆಯಿಂದಲೇ 14416ಕ್ಕೆ ಫೋನ್ ಮಾಡಿದರೆ 'ಟೆಲಿ ಮಾನಸ್' ಸಹಾಯವಾಣಿಯವರು ಉಚಿತವಾಗಿ ಕನ್ನಡದಲ್ಲಿ ಮಾತನಾಡುತ್ತಾರೆ. ಮಗನೋ ಮಗಳೋ ಸಂಕೋಚ ಬಿಟ್ಟು ಪ್ರಶ್ನೆ ಕೇಳಿದ ದಿನ, ತಂದೆತಾಯಿಗಳು ಗದರಿಸದೆ ಉತ್ತರಿಸಿದರೆ ಗೋಡೆಯ ಜಾಹೀರಾತಿಗೆ ಗಿರಾಕಿಗಳು ತಾವಾಗಿಯೇ ಕಡಿಮೆಯಾದಾರು.